‘ಗಮನಕ್ಕೆ ಬಂದಿಲ್ಲ’ ಎನ್ನಲಾಗದಂತೆ ದೂರು ಕೊಡುವುದು: ರಸ್ತೆ, ಚರಂಡಿ, ಬೀದಿದೀಪಗಳ ಸಮಸ್ಯೆಗೆ ಆನ್‌ಲೈನ್ ಮಾರ್ಗದರ್ಶಿ

ನಮ್ಮ ಬೀದಿಯ ಕೊನೆಯಲ್ಲಿ, ಶಾಲೆಗೆ ಹೋಗುವ ಮಕ್ಕಳು ದಾಟಲೇಬೇಕಾದ ಜಾಗದಲ್ಲಿ, ಚರಂಡಿಯ ಮೇಲಿನ ಚಪ್ಪಡಿಗಳು ಮುರಿದು ಎರಡು ತಿಂಗಳಾಗಿತ್ತು. ‘ನಮ್ಮ ರಸ್ತೆಯ ಚರಂಡಿ ಹಾಳಾಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂದು ನಾನು ಮೊಬೈಲ್ ಆ್ಯಪ್‌ನಲ್ಲಿ ಮೂರು ಬಾರಿ ಬರೆದೆ. ಮೂರು ಬಾರಿಯೂ ಕೆಲವೇ ದಿನಗಳಲ್ಲಿ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂಬ ಸಂದೇಶ ಬಂತು; ಚಪ್ಪಡಿ ಮಾತ್ರ ಮುರಿದಲ್ಲೇ ಇತ್ತು. ನಾಲ್ಕನೆಯ ಸಲ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ತೆರೆದುಕೊಂಡ ಭಾಗದ ಉದ್ದ ಅಗಲ, ಎರಡು ಕಡೆಯಿಂದ ತೆಗೆದ ಚಿತ್ರಗಳು ಮತ್ತು ಹಿಂದಿನ ಮೂರು ದೂರುಗಳ ಸಂಖ್ಯೆಗಳನ್ನು ಸೇರಿಸಿ ಬರೆದೆ. ಐದನೆಯ ದಿನ ಹೊಸ ಚಪ್ಪಡಿಗಳು ಬಂದು ಕೂತವು.

ಮೊದಲ ಮೂರು ಬಾರಿ ನಾನು ಕೊಟ್ಟದ್ದನ್ನು ಓದಿದ ಅಧಿಕಾರಿಗೆ ‘ಜಾಗ ಸಿಗಲಿಲ್ಲ’ ಎನ್ನಲು ಅವಕಾಶವಿತ್ತು, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನಲೂ ಅವಕಾಶವಿತ್ತು. ನಾಲ್ಕನೆಯದರಲ್ಲಿ ಆ ಎರಡು ಬಾಗಿಲುಗಳೂ ಮುಚ್ಚಿದ್ದವು. ಆನ್‌ಲೈನ್ ದೂರಿನ ನಿಜವಾದ ಬಲ ಅದು ದಿನಾಂಕ ಮತ್ತು ಸಂಖ್ಯೆಯುಳ್ಳ ಸರ್ಕಾರಿ ದಾಖಲೆಯಾಗುವುದರಲ್ಲಿದೆ. ಆ ದಾಖಲೆಯನ್ನು ಗಟ್ಟಿಯಾಗಿ ಕಟ್ಟಿ, ಕೆಲಸ ಮುಗಿಯುವವರೆಗೆ ಬೆಳೆಸುತ್ತಾ ಹೋಗುವುದು ಹೇಗೆ ಎಂಬುದನ್ನು ಕರ್ನಾಟಕದ ವ್ಯವಸ್ಥೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಆ್ಯಪ್ ತೆರೆದು ಕೂರಬಾರದು. ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ ಮೊದಲು 1912ಕ್ಕೆ ಕರೆ ಮಾಡಬೇಕು. ಆಳುಗುಂಡಿಯ (ಮ್ಯಾನ್‌ಹೋಲ್) ಮುಚ್ಚಳ ಹಾರಿಹೋಗಿ ಮಳೆನೀರು ತುಂಬಿದ್ದರೆ, ಅಥವಾ ಗೋಡೆಯೋ ಮರವೋ ಬೀಳುವಂತಿದ್ದರೆ 112ಕ್ಕೆ ತಿಳಿಸಿ, ದೂರದಿಂದಲೇ ಕಾಣುವಂತೆ ಕೊಂಬೆಯನ್ನೋ ಬಣ್ಣದ ಬಟ್ಟೆಯನ್ನೋ ನಿಲ್ಲಿಸಬೇಕು. ಲಿಖಿತ ದೂರು ಅದರ ನಂತರದ ಕೆಲಸ. ಆದರೆ ಆ ನಂತರದ ಕೆಲಸವನ್ನು ಮರೆಯಬಾರದು, ಏಕೆಂದರೆ ದೂರವಾಣಿ ಕರೆಯ ಗುರುತು ಬೇಗ ಅಳಿಸಿಹೋಗುತ್ತದೆ.

ಮೊದಲ ಹಂತ: ಆ ಸ್ವತ್ತು ಯಾರದು?

ದೂರುಗಳು ಸೋಲುವುದಕ್ಕೆ ನಾನು ಕಂಡಂತೆ ಅತಿ ದೊಡ್ಡ ಕಾರಣ, ಅವು ಸಂಬಂಧವಿಲ್ಲದ ಕಚೇರಿಗೆ ಹೋಗುವುದು. ಒಂದೇ ರಸ್ತೆಯ ಮೇಲೆ ನಾಲ್ಕಾರು ಸಂಸ್ಥೆಗಳ ಸ್ವತ್ತು ಇರುತ್ತದೆ. ಡಾಂಬರು ಪಾಲಿಕೆಯದ್ದಾದರೆ ಅದರ ಕೆಳಗಿನ ಒಳಚರಂಡಿ ಕೊಳವೆ ಜಲಮಂಡಳಿಯದ್ದು. ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದ್ದಾದರೆ ಅದೇ ಕಂಬಕ್ಕೆ ತಗುಲಿಹಾಕಿದ ಬೀದಿದೀಪ ಸ್ಥಳೀಯ ಸಂಸ್ಥೆಯದ್ದು. ಸಿಗ್ನಲ್ ದೀಪವನ್ನು ನೋಡಿಕೊಳ್ಳುವವರು ಸಂಚಾರ ಪೊಲೀಸರು. ಬೀದಿದೀಪ ಉರಿಯುತ್ತಿಲ್ಲವೆಂದು ಬೆಸ್ಕಾಂಗೆ ದೂರು ಕೊಟ್ಟು ವಾರಗಟ್ಟಲೆ ಕಾಯುವವರು ಈಗಲೂ ಇದ್ದಾರೆ.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್ 2ರಿಂದ ಹಿಂದಿನ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿವೆ. ವಾರ್ಡುಗಳ ಗಡಿಗಳೂ ಬದಲಾಗಿರುವುದರಿಂದ ಹಳೆಯ ವಾರ್ಡ್ ಸಂಖ್ಯೆಯನ್ನು ನಂಬಿಕೊಂಡು ಬರೆದ ದೂರು ದಾರಿ ತಪ್ಪಬಹುದು. ಬಡಾವಣೆಯ ಹೆಸರು, ಅಡ್ಡರಸ್ತೆ, ಪಿನ್‌ಕೋಡ್ ಇವನ್ನು ತಪ್ಪದೆ ಬರೆಯಬೇಕು. ರಸ್ತೆಗುಂಡಿ, ಪಾದಚಾರಿ ಮಾರ್ಗ, ರಸ್ತೆಬದಿಯ ಚರಂಡಿ, ಬೀದಿದೀಪ ಇವೆಲ್ಲಕ್ಕೆ ಪಾಲಿಕೆಯ ‘ಸಹಾಯ’ ವ್ಯವಸ್ಥೆ ಮತ್ತು 1533 ಸಹಾಯವಾಣಿ ಇವೆ. ಕೊಳಚೆ ನೀರು ಉಕ್ಕುವುದು, ಆಳುಗುಂಡಿಯ ಮುಚ್ಚಳ, ಕುಡಿಯುವ ನೀರಿನ ಕೊಳವೆಯ ಸೋರಿಕೆ ಜಲಮಂಡಳಿಗೆ ಸೇರಿದವು, ಅದರ ಸಂಖ್ಯೆ 1916. ರಾಜಕಾಲುವೆಗೆ ಪಾಲಿಕೆಯಲ್ಲೇ ಪ್ರತ್ಯೇಕ ವಿಭಾಗವಿದೆ. ಮೋರಿಯಲ್ಲಿ ಹರಿಯುತ್ತಿರುವುದು ಮಳೆನೀರೋ ಕೊಳಚೆಯೋ ಎಂಬುದನ್ನು ಬರೆಯುವ ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ‘ಚರಂಡಿ ತುಂಬಿದೆ’ ಎಂದಷ್ಟೇ ಬರೆದರೆ ಪಾಲಿಕೆ ಜಲಮಂಡಳಿಯನ್ನೂ, ಜಲಮಂಡಳಿ ಪಾಲಿಕೆಯನ್ನೂ ತೋರಿಸುತ್ತಾ ದಿನಗಳು ಉರುಳುತ್ತವೆ.

ಬೇರೆ ನಗರಗಳಲ್ಲಿ, ಪಟ್ಟಣಗಳಲ್ಲಿ ಪೌರಾಡಳಿತ ನಿರ್ದೇಶನಾಲಯದ ‘ಜನಹಿತ’ ವ್ಯವಸ್ಥೆಯ ಮೂಲಕ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ದೂರು ಸಲ್ಲಿಸಬಹುದು. ಹಳ್ಳಿಗಳಲ್ಲಿ ಬೀದಿದೀಪ, ಕುಡಿಯುವ ನೀರು, ಚರಂಡಿ ಗ್ರಾಮ ಪಂಚಾಯಿತಿಯ ಹೊಣೆ. ಗ್ರಾಮ ಪಂಚಾಯಿತಿಗಳ ‘ಪಂಚಮಿತ್ರ’ ಜಾಲತಾಣದಲ್ಲಿ ದಾಖಲಿಸಿ, ಅದೇ ಸಂಖ್ಯೆಯನ್ನು ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಪತ್ರವನ್ನೂ ಕೊಟ್ಟರೆ ಒಳ್ಳೆಯದು. ರಸ್ತೆಗಳ ವಿಷಯದಲ್ಲಿ ಹೀಗೆ ನೆನಪಿಡಬಹುದು: ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು, ಹಳ್ಳಿಗಳ ನಡುವಿನ ರಸ್ತೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು. ರಾಷ್ಟ್ರೀಯ ಹೆದ್ದಾರಿಗೆ 1033 ಸಂಖ್ಯೆ ಮತ್ತು ‘ರಾಜಮಾರ್ಗ ಯಾತ್ರಾ’ ಆ್ಯಪ್ ಇವೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾಗಿದ್ದರೆ ‘ಮೇರಿ ಸಡಕ್’ ಆ್ಯಪ್ ಇದೆ. ಆ ರಸ್ತೆಗಳನ್ನು ನಿರ್ಮಾಣದ ನಂತರ ಐದು ವರ್ಷ ಗುತ್ತಿಗೆದಾರರೇ ನಿರ್ವಹಿಸಬೇಕೆಂಬುದು ಯೋಜನೆಯ ಷರತ್ತು. ಆದ್ದರಿಂದ ರಸ್ತೆಯ ಆರಂಭದಲ್ಲಿ ನೆಟ್ಟಿರುವ ಫಲಕವನ್ನು ಓದಿ, ಅದರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು.

ಯಾರ ಸ್ವತ್ತೆಂದು ಎಷ್ಟು ವಿಚಾರಿಸಿದರೂ ತಿಳಿಯದಿದ್ದರೆ ರಾಜ್ಯ ಸರ್ಕಾರದ ಎಲ್ಲ ಇಲಾಖೆಗಳಿಗೂ ಸೇರಿ ಇರುವ ‘ಜನಸ್ಪಂದನ’ ಜಾಲತಾಣ ಅಥವಾ 1902 ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಸಂಬಂಧಪಟ್ಟ ಇಲಾಖೆಗೆ ಅದನ್ನು ತಲುಪಿಸುವುದು ಆ ವ್ಯವಸ್ಥೆಯ ಕೆಲಸ. ರೈಲ್ವೆ ಕೆಳಸೇತುವೆಯಂಥ ಕೇಂದ್ರ ಸರ್ಕಾರದ ಸ್ವತ್ತಿಗೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಜಾಲತಾಣ ಸಿಪಿಗ್ರಾಮ್ಸ್ ಇದೆ. ಅಲ್ಲಿ ಸಾಮಾನ್ಯವಾಗಿ 21 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು 2024ರ ಆಗಸ್ಟ್‌ನಲ್ಲಿ ಸೂಚಿಸಲಾಗಿದೆ, ಉತ್ತರ ತೃಪ್ತಿಕರವಲ್ಲದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಎರಡನೆಯ ಹಂತ: ಸಾಕ್ಷ್ಯ

ಮೂರು ಚಿತ್ರಗಳು ಸಾಕು, ಆದರೆ ಮೂರೂ ಬೇರೆ ಬೇರೆ ಕೆಲಸ ಮಾಡಬೇಕು. ಒಂದು ದೂರದಿಂದ ತೆಗೆದದ್ದು: ಅದರಲ್ಲಿ ಅಂಗಡಿಯ ಫಲಕವೋ ಶಾಲೆಯ ಗೇಟೋ ದೇವಸ್ಥಾನದ ಗೋಪುರವೋ ಕಾಣುತ್ತಿದ್ದು, ನೋಡಿದವರು ಜಾಗವನ್ನು ಗುರುತಿಸುವಂತಿರಬೇಕು. ಎರಡನೆಯದು ಹತ್ತಿರದಿಂದ: ಗುಂಡಿಯ ಪಕ್ಕದಲ್ಲಿ ಅಳತೆ ಪಟ್ಟಿಯನ್ನೋ, ಅದಿಲ್ಲದಿದ್ದರೆ ಒಂದು ಇಟ್ಟಿಗೆಯನ್ನೋ ಇಟ್ಟು ತೆಗೆದರೆ ಗಾತ್ರ ತಿಳಿಯುತ್ತದೆ. ಮೂರನೆಯದು ಹತ್ತಿರದ ವಿದ್ಯುತ್ ಕಂಬದ ಅಥವಾ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ ಸಂಖ್ಯೆಯದ್ದು. ಸ್ಥಳೀಯ ಸಿಬ್ಬಂದಿ ಓಡಾಡುವುದು ಗುರುತುಗಳ ಲೆಕ್ಕದಲ್ಲಿ. ಭೂಪಟದ ಮೇಲಿನ ಚುಕ್ಕೆ ಕಟ್ಟಡಗಳ ನಡುವೆ ಹತ್ತಿಪ್ಪತ್ತು ಮೀಟರ್ ಆಚೀಚೆ ಸರಿಯುವುದುಂಟು, ಕಂಬದ ಸಂಖ್ಯೆ ಸರಿಯುವುದಿಲ್ಲ. ಹಾಗೆಂದು ಚುಕ್ಕೆಯನ್ನು ಬಿಡಬೇಕಾಗಿಲ್ಲ. ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಗುರುತನ್ನು ಚಾಲೂ ಮಾಡಿ, ಆ್ಯಪ್‌ನ ಭೂಪಟದಲ್ಲಿ ಗುರುತನ್ನು ಕೈಯಿಂದ ಎಳೆದು ಸರಿಯಾದ ಜಾಗದಲ್ಲೇ ನಿಲ್ಲಿಸಬೇಕು. ಮನೆಯಲ್ಲಿ ಕೂತು ದೂರು ದಾಖಲಿಸುವವರು ಇದನ್ನು ಮರೆತರೆ ಗುಂಡಿ ಅವರ ಮನೆಯ ಬಾಗಿಲಲ್ಲೇ ಇದೆಯೆಂದು ದಾಖಲಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಬಳಸದೆ, ತೆಗೆದ ಫೋನಿನ ಮೂಲ ಚಿತ್ರವನ್ನೇ ಉಳಿಸಿಕೊಳ್ಳಬೇಕು. ಸಾಮಾನ್ಯವಾಗಿ ಕಳುಹಿಸುವಾಗ ಚಿತ್ರ ಕುಗ್ಗುವುದಲ್ಲದೆ ತೆಗೆದ ಸಮಯ, ಸ್ಥಳಗಳ ವಿವರ ಕಳೆದುಹೋಗುತ್ತದೆ. ಚಿತ್ರದಲ್ಲಿ ಮಕ್ಕಳ ಮುಖ, ಅಕ್ಕಪಕ್ಕದವರ ವಾಹನದ ಸಂಖ್ಯೆ, ಯಾರದೋ ಮನೆಯ ಒಳಭಾಗ ಬರದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಬೀದಿದೀಪದ ದೂರಾದರೆ ಚಿತ್ರವನ್ನು ರಾತ್ರಿಯೇ ತೆಗೆಯಬೇಕು, ಕಂಬದ ಸಂಖ್ಯೆಯ ಚಿತ್ರವನ್ನು ಹಗಲಿನಲ್ಲಿ.

ಮೂರನೆಯ ಹಂತ: ದೂರಿನ ಬರವಣಿಗೆ

ಒಂದು ದೂರಿನಲ್ಲಿ ಒಂದೇ ಸಮಸ್ಯೆ ಇರಲಿ. ಗುಂಡಿ, ಕಸ, ದೀಪ ಮೂರನ್ನೂ ಸೇರಿಸಿ ಬರೆದರೆ ಮೂರರಲ್ಲಿ ಒಂದನ್ನು ಮುಗಿಸಿ ಇಡೀ ದೂರನ್ನೇ ಮುಚ್ಚಿಬಿಡಬಹುದು. ಕನ್ನಡದಲ್ಲೇ ಬರೆಯಿರಿ, ಸ್ಥಳಕ್ಕೆ ಬಂದು ನೋಡುವ ಸಹಾಯಕ ಎಂಜಿನಿಯರ್, ಮೇಸ್ತ್ರಿ, ಲೈನ್‌ಮನ್ ಇವರೆಲ್ಲರಿಗೂ ಅದು ನೇರವಾಗಿ ತಲುಪುತ್ತದೆ. ಬೇಸರವನ್ನೂ ಆಕ್ರೋಶವನ್ನೂ ಬದಿಗಿಟ್ಟು ಸ್ಥಳ, ಸಮಸ್ಯೆ, ಅವಧಿ, ಅಪಾಯ, ಕೋರಿಕೆ ಈ ಐದನ್ನು ಬರೆದರೆ ಸಾಕು. ನನ್ನ ನಾಲ್ಕನೆಯ ದೂರು ಹೆಚ್ಚುಕಡಿಮೆ ಹೀಗಿತ್ತು:

‘ಸ್ಥಳ: ನಾಲ್ಕನೆಯ ಮುಖ್ಯರಸ್ತೆ ಮತ್ತು ಏಳನೆಯ ಅಡ್ಡರಸ್ತೆ ಸೇರುವ ಮೂಲೆ, ಸರ್ಕಾರಿ ಶಾಲೆಯ ಪೂರ್ವದ ಗೇಟಿನ ಎದುರು, ಚಿತ್ರದಲ್ಲಿ ಕಾಣುವ ವಿದ್ಯುತ್ ಕಂಬದಿಂದ ಉತ್ತರಕ್ಕೆ ಹತ್ತು ಹೆಜ್ಜೆ. ಸಮಸ್ಯೆ: ರಸ್ತೆಬದಿಯ ಚರಂಡಿಯ ಎರಡು ಚಪ್ಪಡಿಗಳು ಮುರಿದು ಸುಮಾರು 4 ಅಡಿ ಉದ್ದ, 2 ಅಡಿ ಅಗಲದಷ್ಟು ತೆರೆದುಕೊಂಡಿದೆ, ಆಳ ಸುಮಾರು 3 ಅಡಿ. ಜೂನ್ ಮೊದಲ ವಾರದಿಂದ ಹೀಗಿದೆ. ಅಪಾಯ: ಬೆಳಿಗ್ಗೆ ಮತ್ತು ಸಂಜೆ ಶಾಲಾ ಮಕ್ಕಳು ಇದೇ ಜಾಗದಲ್ಲಿ ದಾಟುತ್ತಾರೆ, ಮಳೆ ಬಂದಾಗ ನೀರು ನಿಂತು ತೆರೆದ ಭಾಗ ಕಾಣಿಸುವುದಿಲ್ಲ. ಕೋರಿಕೆ: ಇಂದೇ ತಡೆಬೇಲಿ ಇಟ್ಟು, ಎರಡೂ ಚಪ್ಪಡಿಗಳನ್ನು ಬದಲಿಸಿ, ಕೆಲಸ ಮುಗಿದ ನಂತರದ ಚಿತ್ರವನ್ನು ಈ ದೂರಿನಲ್ಲಿ ದಾಖಲಿಸಬೇಕು. ಇದೇ ಸ್ಥಳದ ಕುರಿತ ಹಿಂದಿನ ಮೂರು ದೂರುಗಳು ಕೆಲಸವಾಗದೆ ಮುಕ್ತಾಯಗೊಂಡಿವೆ. ಅವುಗಳ ಸಂಖ್ಯೆಗಳು ಹೀಗಿವೆ.’

ಇದರಲ್ಲಿ ಯಾರ ಮೇಲೂ ಆರೋಪವಿಲ್ಲದಿರುವುದನ್ನು ಗಮನಿಸಬೇಕು. ಕಳಪೆ ಕೆಲಸದಲ್ಲಿ ಹಣ ಹೊಡೆದಿದ್ದಾರೆಂದು ನಿಮಗೆ ಅನುಮಾನವಿರಬಹುದು, ಆ ಅನುಮಾನ ನಿಜವೂ ಆಗಿರಬಹುದು. ಆದರೆ ಪುರಾವೆಯಿಲ್ಲದೆ ವ್ಯಕ್ತಿಯ ಹೆಸರು ಹಿಡಿದು ಬರೆದರೆ ಮಾತು ಚಪ್ಪಡಿಯಿಂದ ಆ ವ್ಯಕ್ತಿಯ ಮಾನಕ್ಕೆ ಹೊರಳುತ್ತದೆ. ಅನುಮಾನವನ್ನು ಪರೀಕ್ಷಿಸುವ ಕ್ರಮಬದ್ಧ ದಾರಿ ಆರನೆಯ ಹಂತದಲ್ಲಿದೆ.

ನೆರೆಹೊರೆಯವರು ಜೊತೆಗಿದ್ದರೆ ಬಲ ಹೆಚ್ಚು. ಹತ್ತು ಮಂದಿ ಒಂದೇ ದಿನ ಹತ್ತು ಬಗೆಯಲ್ಲಿ ಬರೆದರೆ ಅವು ಪುನರಾವರ್ತಿತ ದೂರುಗಳೆಂದು ಮುಚ್ಚಿಹೋಗುವ ಸಂಭವವಿರುತ್ತದೆ. ಒಬ್ಬರು ವಿವರವಾದ ಮೂಲ ದೂರನ್ನು ದಾಖಲಿಸಿ, ಉಳಿದವರು ಕೆಲವು ದಿನಗಳ ಅಂತರದಲ್ಲಿ ‘ಇಂಥ ಸಂಖ್ಯೆಯ ದೂರು ಇನ್ನೂ ಬಾಕಿಯಿದೆ, ನಾನೂ ಇದೇ ರಸ್ತೆಯ ನಿವಾಸಿ’ ಎಂದು ಬರೆಯುವುದು ಹೆಚ್ಚು ಫಲಕಾರಿಯೆಂದು ನನ್ನ ಅನುಭವ.

ನಾಲ್ಕನೆಯ ಹಂತ: ದಿನಚರಿ

ದೂರಿನ ಸಂಖ್ಯೆ ಬಂದ ಕೂಡಲೇ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಒಂದು ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ದಿನಾಂಕ, ಸಂಖ್ಯೆ, ಯಾರಿಗೆ ವರ್ಗಾವಣೆಯಾಯಿತು, ಯಾರು ಕರೆ ಮಾಡಿದರು, ಏನು ಹೇಳಿದರು ಎಂಬುದನ್ನು ಬರೆದಿಡಬೇಕು. ಆ್ಯಪ್‌ಗಳು ಬದಲಾಗುತ್ತವೆ, ಹಳೆಯ ಖಾತೆಗಳು ತೆರೆಯದೆ ಹೋಗುತ್ತವೆ. ನಿಮ್ಮ ದಿನಚರಿ ನಿಮ್ಮಲ್ಲೇ ಉಳಿಯುತ್ತದೆ. ಸಿಬ್ಬಂದಿ ಕರೆ ಮಾಡಿ ‘ಸಾರ್, ಇನ್ನೆರಡು ದಿನದಲ್ಲಿ ಮಾಡಿಕೊಡುತ್ತೇವೆ, ದೂರನ್ನು ಕ್ಲೋಸ್ ಮಾಡಲು ಒಪ್ಪಿ’ ಎಂದು ಕೇಳುವುದುಂಟು. ಅವರ ಮೇಲೂ ಮೇಲಧಿಕಾರಿಗಳ ಒತ್ತಡವಿರುತ್ತದೆ, ಆದ್ದರಿಂದ ಗೌರವದಿಂದಲೇ ಮಾತನಾಡಬೇಕು. ಆದರೆ ಕೆಲಸ ಮುಗಿಯುವವರೆಗೆ ಒಪ್ಪಿಗೆ ಕೊಡಬಾರದು, ದೂರು ಮುಚ್ಚಲು ಫೋನಿಗೆ ಬಂದ ಒಟಿಪಿಯನ್ನು ಹೇಳಬಾರದು.

ಸಾಮಾಜಿಕ ಜಾಲತಾಣದಲ್ಲಿ ಚಿತ್ರ ಹಾಕಿ ಅಧಿಕಾರಿಗಳನ್ನು ಟ್ಯಾಗ್ ಮಾಡುವುದರಿಂದ ಕೆಲವೊಮ್ಮೆ ಒಂದೇ ದಿನದಲ್ಲಿ ಕೆಲಸವಾಗುತ್ತದೆ. ಅದನ್ನು ಮಾಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದು ಕಚೇರಿಯ ದೂರು ವಹಿಯಲ್ಲಿ ದಾಖಲಾಗದ ಮಾತು. ಮುಂದೆ ಮಾಹಿತಿ ಹಕ್ಕಿನಡಿ ಕೇಳಲು, ಲೋಕಾಯುಕ್ತದ ಮುಂದೆ ಇಡಲು ಬೇಕಾಗುವುದು ಅಧಿಕೃತ ಸಂಖ್ಯೆ. ಮೊದಲು ದೂರು ದಾಖಲಿಸಿ, ಆ ಸಂಖ್ಯೆಯೊಂದಿಗೇ ಜಾಲತಾಣದಲ್ಲಿ ಬರೆಯುವುದು ಸರಿಯಾದ ಕ್ರಮ. ಇತರರೂ ನೋಡಬಲ್ಲ ಬಹಿರಂಗ ದೂರುಪಟ್ಟಿಗೆ ತನ್ನದೇ ಆದ ಬೆಲೆಯಿದೆ: ಬ್ರಿಟನ್ನಿನಲ್ಲಿ 2007ರಲ್ಲಿ ಶುರುವಾದ ‘ಫಿಕ್ಸ್ ಮೈ ಸ್ಟ್ರೀಟ್’ ಜಾಲತಾಣವಾಗಲಿ, ಬೆಂಗಳೂರಿನ ಜನಾಗ್ರಹ ಸಂಸ್ಥೆಯ ‘ಐ ಚೇಂಜ್ ಮೈ ಸಿಟಿ’ಯಾಗಲಿ ನಿಂತಿರುವುದು ಒಬ್ಬರ ದೂರನ್ನು ಊರೇ ನೋಡುವಂತಿರಬೇಕೆಂಬ ಆಲೋಚನೆಯ ಮೇಲೆ.

ಐದನೆಯ ಹಂತ: ಕೆಲಸವಾಗದೆ ಮುಚ್ಚಿದ ದೂರು

‘ಇತ್ಯರ್ಥವಾಗಿದೆ’ ಎಂಬ ಸಂದೇಶ ಬಂದ ದಿನವೇ ಸ್ಥಳಕ್ಕೆ ಹೋಗಿ ಹೊಸ ಚಿತ್ರ ತೆಗೆಯಬೇಕು. ಆ್ಯಪ್‌ನಲ್ಲಿ ದೂರನ್ನು ಮತ್ತೆ ತೆರೆಯುವ ಅವಕಾಶವಿದ್ದರೆ ಬಳಸಬೇಕು. ಇಲ್ಲದಿದ್ದರೆ ಹೊಸ ದೂರಿನಲ್ಲಿ ಹಳೆಯ ಸಂಖ್ಯೆಯನ್ನೂ ಮುಚ್ಚಿದ ದಿನಾಂಕವನ್ನೂ ಹೊಸ ಚಿತ್ರವನ್ನೂ ಸೇರಿಸಬೇಕು. ಮುಚ್ಚುವಾಗ ಬರೆದ ಷರಾವನ್ನು ಗಮನವಿಟ್ಟು ಓದಿ. ‘ಬೇರೆ ಇಲಾಖೆಗೆ ಸಂಬಂಧಿಸಿದೆ’ ಎಂದಿದ್ದರೆ ಯಾವ ಇಲಾಖೆಯೆಂದು ಲಿಖಿತವಾಗಿ ಕೇಳಬೇಕು. ‘ಅನುದಾನ ಬಂದ ನಂತರ ಮಾಡಲಾಗುವುದು’ ಎಂದಿದ್ದರೆ ಆ ಷರಾ ನಿಮಗೆ ಬಹಳ ಉಪಯುಕ್ತವಾದದ್ದು: ಸಮಸ್ಯೆ ಇದೆಯೆಂದೂ ಅದು ತಮ್ಮ ಹೊಣೆಯೆಂದೂ ಕಚೇರಿಯೇ ಒಪ್ಪಿಕೊಂಡಂತಾಯಿತು.

ಹಣವಿಲ್ಲವೆಂಬ ಉತ್ತರಕ್ಕೆ ಎದೆಗುಂದಬೇಕಿಲ್ಲ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ಬಡಾವಣೆಯ ನಿವಾಸಿಗಳು ತೆರೆದ ಚರಂಡಿ ಮತ್ತು ಕೊಳಚೆಯ ವಿರುದ್ಧ ದಂಡಾಧಿಕಾರಿಯ (ಮ್ಯಾಜಿಸ್ಟ್ರೇಟ್) ಬಳಿ ಹೋಗಿ ಆದೇಶ ಪಡೆದಿದ್ದರು. ಪುರಸಭೆ ತನ್ನಲ್ಲಿ ಹಣವಿಲ್ಲವೆಂದು ವಾದಿಸುತ್ತಾ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ವಾದವನ್ನು ತಳ್ಳಿಹಾಕಿ, ನೈರ್ಮಲ್ಯದ ಶಾಸನಬದ್ಧ ಕರ್ತವ್ಯದಿಂದ ಪುರಸಭೆ ಹಣದ ನೆಪ ಹೇಳಿ ನುಣುಚಿಕೊಳ್ಳುವಂತಿಲ್ಲವೆಂದು ಸ್ಪಷ್ಟಪಡಿಸಿತು. ಅಂದು ಆ ನಿವಾಸಿಗಳು ಬಳಸಿದ ಅಪರಾಧ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನ ಅಧಿಕಾರ ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಸಾರ್ವಜನಿಕ ಜಾಗದಲ್ಲಿರುವ ಅಪಾಯವನ್ನು, ಉಪದ್ರವವನ್ನು ತೆಗೆಸುವಂತೆ ಉಪವಿಭಾಗೀಯ ದಂಡಾಧಿಕಾರಿಯನ್ನು ಕೋರಲು ಈಗಲೂ ದಾರಿಯಿದೆ.

ಆ ಮಟ್ಟಕ್ಕೆ ಹೋಗುವ ಮೊದಲು ಇಲಾಖೆಯ ಒಳಗಿನ ಮೆಟ್ಟಿಲುಗಳನ್ನು ಹತ್ತಬೇಕು. ಸಹಾಯಕ ಎಂಜಿನಿಯರ್, ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್, ಅಧೀಕ್ಷಕ ಎಂಜಿನಿಯರ್, ಮುಖ್ಯ ಎಂಜಿನಿಯರ್ ಎಂಬುದು ಸಾಮಾನ್ಯ ಕ್ರಮ. ಮೊದಲ ಪತ್ರವನ್ನೇ ಮುಖ್ಯಮಂತ್ರಿಗಳಿಗೆ ಬರೆದರೆ ಅದು ಇದೇ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಕೊನೆಗೆ ಅದೇ ಸಹಾಯಕ ಎಂಜಿನಿಯರ್ ಮೇಜಿಗೆ ಬರುತ್ತದೆ. ವಾರದ ನಂತರ ಒಂದು ಮೆಟ್ಟಿಲು, ಮತ್ತೊಂದು ವಾರದ ನಂತರ ಇನ್ನೊಂದು ಎಂದು ಇಮೇಲ್ ಮೂಲಕ ಏರುತ್ತಾ, ಪ್ರತಿ ಪತ್ರದಲ್ಲೂ ಹಿಂದಿನದನ್ನು ಲಗತ್ತಿಸುತ್ತಾ ಹೋಗುವುದು ಒಳ್ಳೆಯದು. ಸ್ಥಳೀಯ ಸಂಸ್ಥೆಯ ದೂರು ಅಲ್ಲಿ ಕದಲದಿದ್ದರೆ ಅದೇ ದಾಖಲೆಗಳೊಂದಿಗೆ ‘ಜನಸ್ಪಂದನ’ದಲ್ಲಿ ದಾಖಲಿಸಬಹುದು.

ಆರನೆಯ ಹಂತ: ಮಾಹಿತಿ ಹಕ್ಕು ಮತ್ತು ಅಳತೆ ಪುಸ್ತಕ

ಒಂದು ತಿಂಗಳು ಕಳೆದರೂ ಏನೂ ಆಗದಿದ್ದರೆ, ಅಥವಾ ರಿಪೇರಿಯಾದ ರಸ್ತೆ ಮೊದಲ ಮಳೆಗೇ ಕಿತ್ತುಹೋದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಬೇಕು. ಕರ್ನಾಟಕ ಸರ್ಕಾರದ ಆರ್‌ಟಿಐ ಆನ್‌ಲೈನ್ ಜಾಲತಾಣದಲ್ಲಿ ಹಲವು ಇಲಾಖೆಗಳಿಗೆ ಮನೆಯಿಂದಲೇ ಸಲ್ಲಿಸಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಅನೇಕರ ಅರ್ಜಿಗಳು ತಿರಸ್ಕೃತವಾಗುವುದು ಇದೇ ಕಾರಣಕ್ಕೆ.

‘ಏಕೆ ಕೆಲಸ ಮಾಡಿಲ್ಲ?’ ಎಂದು ಕೇಳಬೇಡಿ. ಕಾಯ್ದೆ ನಿಮಗೆ ಕೊಡುವುದು ಕಡತದಲ್ಲಿರುವ ಮಾಹಿತಿಯನ್ನು, ಕಾರಣ ಹೇಳಬೇಕೆಂಬ ಹೊಣೆ ಮಾಹಿತಿ ಅಧಿಕಾರಿಗಿಲ್ಲ. ಆದ್ದರಿಂದ ಕಾಗದಗಳನ್ನು ಹೆಸರು ಹಿಡಿದು ಕೇಳಬೇಕು. ದೂರಿನ ಬಗ್ಗೆ ಒಂದು ಅರ್ಜಿ: ‘ಇಂಥ ಸಂಖ್ಯೆಯ ದೂರಿನ ಮೇಲೆ ದಿನಾಂಕವಾರು ಕೈಗೊಂಡ ಕ್ರಮದ ವಿವರ, ದೂರು ಯಾವ ಯಾವ ಅಧಿಕಾರಿಯ ಬಳಿ ಎಷ್ಟು ದಿನ ಇತ್ತು ಎಂಬ ವಿವರ, ಅವರ ಪದನಾಮದೊಂದಿಗೆ, ದೂರನ್ನು ಮುಕ್ತಾಯಗೊಳಿಸಲು ಆಧಾರವಾದ ಸ್ಥಳ ಪರಿಶೀಲನಾ ವರದಿ ಮತ್ತು ಚಿತ್ರಗಳ ಪ್ರತಿ.’ ಕಾಮಗಾರಿಯ ಬಗ್ಗೆ ಬೇರೆಯೇ ಅರ್ಜಿ: ‘ಇಂಥ ರಸ್ತೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ನಡೆದ ಕಾಮಗಾರಿಗಳ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಪೂರ್ಣಗೊಂಡ ಪ್ರಮಾಣಪತ್ರ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ.’

ಈ ಎರಡನೆಯ ಅರ್ಜಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಹೊಣೆಗಾರಿಕೆಯ ತಿರುಳು ಇರುವುದೇ ಇಲ್ಲಿ. ಗುತ್ತಿಗೆದಾರರಿಗೆ ಹಣ ಪಾವತಿಯಾಗುವುದು ಎಂಜಿನಿಯರ್ ಸ್ಥಳದಲ್ಲಿ ಅಳೆದು ಅಳತೆ ಪುಸ್ತಕದಲ್ಲಿ ಬರೆದು ಸಹಿ ಮಾಡಿದ ಲೆಕ್ಕದ ಮೇಲೆ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪದ ಡಾಂಬರು, ಎಷ್ಟು ಚಪ್ಪಡಿ ಎಂಬುದೆಲ್ಲ ಅಲ್ಲಿರುತ್ತದೆ. ಆ ಪುಟಗಳ ಪ್ರತಿಯನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಟೇಪು ಹಿಡಿದರೆ, ಬರೆದದ್ದು ಮತ್ತು ಇರುವುದು ಒಂದೇ ಹೌದೋ ಅಲ್ಲವೋ ಎಂಬುದನ್ನು ಯಾವ ನಾಗರಿಕರೂ ನೋಡಬಲ್ಲರು. ಕಾಯ್ದೆಯ 2(ಜೆ) ಕಲಮಿನಡಿ ಕಾಮಗಾರಿಯನ್ನು ಪರಿವೀಕ್ಷಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಮಗಿದೆ; ಅದನ್ನು ಬಳಸುವವರು ಕಡಿಮೆ. ಇನ್ನು ದೋಷ ಹೊಣೆಗಾರಿಕೆ ಅವಧಿಯೆಂದರೆ, ಕೆಲಸ ಮುಗಿದ ಮೇಲೆ ಒಪ್ಪಂದದಲ್ಲಿ ನಮೂದಿಸಿದ ಕಾಲದವರೆಗೆ ಕಾಣಿಸಿಕೊಳ್ಳುವ ದೋಷಗಳನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕಾದ ಅವಧಿ. ನಿಮ್ಮ ರಸ್ತೆ ಆ ಅವಧಿಯೊಳಗೆ ಕಿತ್ತುಬಂದಿದ್ದರೆ ‘ಅನುದಾನವಿಲ್ಲ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕಚೇರಿ ಮಾಡಬೇಕಾದದ್ದು ಗುತ್ತಿಗೆದಾರರಿಗೆ ನೋಟಿಸ್ ಕೊಡುವುದು. ಆದ್ದರಿಂದ ಆ ಒಂದು ದಿನಾಂಕವನ್ನು ತಿಳಿದ ಮೇಲೆ ಹೊಸ ದೂರು ದಾಖಲಿಸುವಾಗ ‘ಈ ಕಾಮಗಾರಿ ಇಂಥ ದಿನಾಂಕದವರೆಗೆ ದೋಷ ಹೊಣೆಗಾರಿಕೆಯಲ್ಲಿದೆ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಉತ್ತರಕ್ಕೆ ಗಡುವು 30 ದಿನ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಅದನ್ನು ಸರಿಯಾದ ಕಚೇರಿಗೆ 5 ದಿನಗಳೊಳಗೆ ವರ್ಗಾಯಿಸಬೇಕಾದದ್ದು ಅವರ ಕರ್ತವ್ಯ. ಉತ್ತರ ಬರದಿದ್ದರೆ ಅಥವಾ ಅರೆಬರೆಯಾಗಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಏಳನೆಯ ಹಂತ: ಹೊರಗಿನ ಬಾಗಿಲುಗಳು

ನೀರು, ವಿದ್ಯುತ್, ನೈರ್ಮಲ್ಯ ಸೇವೆಗಳ ವಿಷಯದಲ್ಲಿ ಹೆಚ್ಚು ಜನರಿಗೆ ಗೊತ್ತಿರದ ಒಂದು ದಾರಿಯಿದೆ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಸ್ಥಾಪಿತವಾದ ಖಾಯಂ ಜನತಾ ನ್ಯಾಯಾಲಯ. ಈ ಸೇವೆಗಳು ಆ ಕಾಯ್ದೆಯಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಗಳೆಂದು ಹೆಸರಿಸಲ್ಪಟ್ಟಿವೆ. ನ್ಯಾಯಾಲಯ ಶುಲ್ಕವಿಲ್ಲ, ವಕೀಲರಿಲ್ಲದೆಯೂ ಹೋಗಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ 15100 ಸಹಾಯವಾಣಿಯಲ್ಲಿ ವಿಚಾರಿಸಿದರೆ ಮಾಹಿತಿ ಸಿಗುತ್ತದೆ.

ಅಧಿಕಾರಿಯ ಕರ್ತವ್ಯಲೋಪ ಅಥವಾ ಕಾಮಗಾರಿಯಲ್ಲಿ ಅಕ್ರಮ ದಾಖಲೆಗಳಿಂದಲೇ ಕಾಣುತ್ತಿದ್ದರೆ ಕರ್ನಾಟಕ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬಹುದು. ಅಲ್ಲಿ ಕೆಲಸಕ್ಕೆ ಬರುವುದು ನಿಮ್ಮ ದಿನಚರಿ, ಚಿತ್ರಗಳು ಮತ್ತು ಮಾಹಿತಿ ಹಕ್ಕಿನಡಿ ಪಡೆದ ದೃಢೀಕೃತ ಪ್ರತಿಗಳು.

ರಸ್ತೆಯ ದುಃಸ್ಥಿತಿಯಿಂದ ಯಾರಿಗಾದರೂ ಪೆಟ್ಟಾಗಿದ್ದರೆ ವಿಷಯದ ತೂಕವೇ ಬೇರೆ. ರಸ್ತೆಗಳು, ಪಾದಚಾರಿ ಮಾರ್ಗಗಳು ಸುಸ್ಥಿತಿಯಲ್ಲಿರಬೇಕೆಂಬುದು ಸಂವಿಧಾನದ 21ನೆಯ ವಿಧಿಯಡಿ ನಾಗರಿಕರ ಹಕ್ಕೆಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ 2019ರಲ್ಲಿ ಹೇಳಿದೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಗುಂಡಿ ಅಥವಾ ತೆರೆದ ಆಳುಗುಂಡಿಯಿಂದ ಸಾವು ಸಂಭವಿಸಿದರೆ 6 ಲಕ್ಷ ರೂಪಾಯಿ, ಗಾಯಗಳಾದರೆ ಅವುಗಳ ತೀವ್ರತೆಗೆ ತಕ್ಕಂತೆ 50,000ದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಮಹಾರಾಷ್ಟ್ರದ ಸಂಸ್ಥೆಗಳಿಗೆ ಆದೇಶಿಸಿತು. ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡಗಳನ್ನು ಪಾಲಿಸದೆ ಸಾವಿಗೋ ಅಂಗವಿಕಲತೆಗೋ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇಂಥ ಪ್ರಕರಣಗಳಲ್ಲಿ ಅಪಘಾತಕ್ಕೆ ಎರಡು ವಾರ ಮೊದಲು ಯಾರೋ ಒಬ್ಬರು ದಾಖಲಿಸಿದ್ದ ದೂರು ಬಹಳ ಮುಖ್ಯವಾಗಬಲ್ಲದು. ಅಪಾಯ ಸಂಸ್ಥೆಗೆ ತಿಳಿದಿತ್ತೆಂಬುದಕ್ಕೆ ಅದೇ ಪುರಾವೆ. ನಮಗೆ ಸಂಬಂಧವಿಲ್ಲದ ರಸ್ತೆಯಲ್ಲಿ ಹಾದುಹೋಗುವಾಗ ಕಂಡ ಗುಂಡಿಯನ್ನೂ ದಾಖಲಿಸಬೇಕೆಂದು ನಾನು ಗೆಳೆಯರನ್ನು ಒತ್ತಾಯಿಸುವುದು ಈ ಕಾರಣಕ್ಕೆ.

ಕೊನೆಯ ಹಂತ: ರಿಪೇರಿಯಾದ ಮೇಲೆ

ಕೆಲಸ ನಡೆಯುವಾಗ ಸಾಧ್ಯವಾದರೆ ಸ್ಥಳದಲ್ಲಿರಿ. ಗುಂಡಿಯೊಳಗಿನ ನೀರು, ಮಣ್ಣು ತೆಗೆದು, ಅಂಚುಗಳನ್ನು ನೇರವಾಗಿ ಕತ್ತರಿಸಿ, ಡಾಂಬರಿನ ಲೇಪ ಹಾಕಿ, ನಂತರ ಮಿಶ್ರಣ ತುಂಬಿ, ರೋಲರಿನಿಂದಲೋ ಕೈಯಂತ್ರದಿಂದಲೋ ಗಟ್ಟಿಮಾಡಬೇಕೆಂಬುದು ಸರಿಯಾದ ವಿಧಾನ. ನೀರು ನಿಂತ ಗುಂಡಿಗೆ ಜಲ್ಲಿ ಸುರಿದು ಹೋದರೆ ಅದನ್ನು ಚಿತ್ರಸಮೇತ ದಾಖಲಿಸಬೇಕು. ಕೆಲಸ ಚೆನ್ನಾಗಿ ಆಗಿದ್ದರೆ ಆ್ಯಪ್‌ನಲ್ಲಿ ಹಾಗೆಂದೇ ಬರೆದು, ಸ್ಥಳಕ್ಕೆ ಬಂದವರಿಗೆ ಧನ್ಯವಾದ ಹೇಳಿ. ಬಿಸಿಲಿನಲ್ಲಿ ನಿಂತು ಚಪ್ಪಡಿ ಹೊತ್ತವರ ಶ್ರಮವೂ ದಾಖಲಾಗಲಿ. ಪೂರ್ಣಗೊಂಡ ದಿನದ ಚಿತ್ರವನ್ನು ಹಳೆಯ ಚಿತ್ರಗಳ ಜೊತೆಗೇ ಇಟ್ಟುಕೊಂಡು, ಮೊದಲ ದೊಡ್ಡ ಮಳೆಯ ಮರುದಿನ ಅದೇ ಜಾಗಕ್ಕೆ ಹೋಗಿ, ಅದೇ ಕೋನದಿಂದ ಮತ್ತೊಂದು ಚಿತ್ರ ತೆಗೆಯಿರಿ. ಕಡತವನ್ನು ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೂ ಅಳಿಸಬೇಡಿ.